ಬೂದು ಕಾರು ನಿಂತಿದ್ದ ಜಾಗ

ಬಾಡಿಗೆ ಸೈಕಲ್ಲುಗಳ ನಿಲ್ದಾಣಕ್ಕೆ ಜಾಗ ಹುಡುಕುವುದು ನನ್ನ ಕೆಲಸ. ಕಚೇರಿಯವರು ಹಾಗೆ ಹೇಳುತ್ತಾರೆ. ನಿಜಕ್ಕೂ ನಾನು ಹುಡುಕುವುದು ಜಗಳಕ್ಕೆ ಜಾಗ. ಊರಿಗೆ ಸೈಕಲ್ ಬೇಕೇ ಎಂದು ಯಾರನ್ನಾದರೂ ಕೇಳಿ, ಬೇಕೇ ಬೇಕು ಎನ್ನುತ್ತಾರೆ. ಹಾಗಾದರೆ ನಿಮ್ಮ ಬಾಗಿಲ ಮುಂದೆ ಇಡಲೇ ಎಂದು ಕೇಳಿ. ಕೂಡಲೇ ಪಕ್ಕದ ಬೀದಿಯ ಗುಣಗಾನ ಶುರುವಾಗುತ್ತದೆ. ಅಲ್ಲಿ ಎಷ್ಟು ಅಗಲ, ಎಷ್ಟು ಗಾಳಿ, ಅಲ್ಲಿಯ ಜನ ಎಷ್ಟು ಒಳ್ಳೆಯವರು! ಆ ಒಳ್ಳೆಯ ಜನರ ಬಳಿ ಹೋದರೆ ಅವರು ನಮ್ಮನ್ನು ಮತ್ತೆ ಮೊದಲಿನ ಬೀದಿಗೇ ಅಟ್ಟುತ್ತಾರೆ.

ನಿಲ್ದಾಣಕ್ಕೆ ಬೇಕಾದದ್ದು ಒಂದು ಕಾರು ನಿಲ್ಲುವುದಕ್ಕಿಂತ ತುಸು ಹೆಚ್ಚು ಜಾಗ, ಅಷ್ಟೇ. ಆದರೆ ಅಲ್ಲಿ ಬಿಸಿಲು ಬೀಳಬೇಕು, ಏಕೆಂದರೆ ಸೈಕಲ್ ಹಿಡಿದಿಡುವ ಕಂಬಗಳು ನಡೆಯುವುದು ಮೇಲಿನ ಸೋಲಾರ್ ಹಲಗೆಯಿಂದ. ಕೆಳಗೆ ಒಳಚರಂಡಿಯ ಮುಚ್ಚಳ ಇರಬಾರದು. ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿ ಉಳಿಯಬೇಕು. ಬೀದಿದೀಪ ಹತ್ತಿರವಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ನಾಲ್ಕು ಜನರ ಕಣ್ಣಿರಬೇಕು. ಜನರಿಲ್ಲದ ಕಡೆ ನಿಲ್ದಾಣ ಇಟ್ಟರೆ ಹೆಂಗಸರು ಅತ್ತ ತಲೆ ಹಾಕುವುದಿಲ್ಲ, ಸ್ವಲ್ಪ ದಿನದಲ್ಲಿ ಸೈಕಲ್ಲುಗಳ ಸೀಟೂ ಉಳಿಯುವುದಿಲ್ಲ.

ಊರಿನ ಪಶ್ಚಿಮ ಭಾಗದ ತುಂಬ ನಿಲ್ದಾಣಗಳಿವೆ. ರೈಲು ಹಳಿಗಳ ಈಚೆ, ಪೂರ್ವದಲ್ಲಿ, ಒಂದೂ ಇಲ್ಲ. ಈ ವರ್ಷ ಅಲ್ಲಿಗೂ ಒಂದು ಇಡೋಣ ಎಂದು ತೀರ್ಮಾನವಾಯಿತು. ಒಂದೇ ಒಂದು, ಪರೀಕ್ಷೆಗೆಂದು. ಜನ ಬಳಸಿದರೆ ಇನ್ನಷ್ಟು, ಬಳಸದಿದ್ದರೆ ಪೂರ್ವದ ಕಡೆ ಮತ್ತೆ ತಿರುಗಿಯೂ ನೋಡುವುದಿಲ್ಲ. ಅಂದರೆ ಆ ಒಂದು ಜಾಗ ತಪ್ಪಿದರೆ ಅರ್ಧ ಊರಿಗೇ ಸೈಕಲ್ ತಪ್ಪಿತು.

ನಾನು ಹುಟ್ಟಿ ಬೆಳೆದದ್ದು ಪೂರ್ವದಲ್ಲೇ, ಅಂಗಡಿ ಬೀದಿಯಲ್ಲಿ. ಜಾಗ ನೋಡಲು ಬೇರೆ ಯಾರನ್ನಾದರೂ ಕಳಿಸಿ ಎಂದು ನಿರ್ದೇಶಕರಿಗೆ ಮೊದಲೇ ಹೇಳಿದ್ದೆ. "ಸರಿ ಸರಿ" ಎಂದರು. ಅವರು ಎಲ್ಲದಕ್ಕೂ ಸರಿ ಸರಿ ಎನ್ನುತ್ತಾರೆ, ಎಲ್ಲರಿಗೂ ಎನ್ನುತ್ತಾರೆ. ಬೆನ್ನ ಹಿಂದೆ ಅವರಿಗೆ ನಾವು ಇಟ್ಟ ಹೆಸರೂ ಅದೇ. ಬೇರೆ ಯಾರೂ ಬರಲಿಲ್ಲ. ನಾನೇ ಹೋದೆ.

ಜಗಳ ತಪ್ಪಿಸಲು ನಾನು ಕಡಿಮೆ ತಿರುಗಲಿಲ್ಲ. ಶಾಲೆಯ ಮುಂದೆ ನೋಡಿದೆ, ಗೇಟಿಗೆ ಅಡ್ಡವಾಗುತ್ತಿತ್ತು. ಬಸ್ ತಂಗುದಾಣದ ಪಕ್ಕ ನೋಡಿದೆ, ಕಾಲಿಟ್ಟಲ್ಲೆಲ್ಲ ಒಳಚರಂಡಿಯ ಮುಚ್ಚಳ. ಬ್ಯಾಂಕಿನ ಮುಂದೆ ದಿನವಿಡೀ ನೆರಳು. ಬಿಸಿಲು, ಅಗಲ, ದೀಪ, ಜನ ಎಲ್ಲವೂ ಕೂಡಿ ಬಂದದ್ದು ಒಂದೇ ಕಡೆ. ಬೀದಿ ಬಾಗುವ ತಿರುವಿನಲ್ಲಿ, ಬೀಗ, ಚಿಲಕ, ಮೊಳೆ ಮಾರುವ ಒಂದು ಅಂಗಡಿಯ ಎದುರಿಗೆ. ಅಲ್ಲಿ ಒಂದು ಬೂದು ಬಣ್ಣದ ಕಾರು ನಿಂತಿತ್ತು. ಅಂಗಡಿ ನನ್ನ ಅಪ್ಪನದು. ಕಾರೂ ಅಪ್ಪನದೇ.

ಈ ಕಾರಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಂಗಡಿ ಬೀದಿಯಲ್ಲಿ ಒಂದು ಪದ್ಧತಿ ಇದೆ. ಕಾರಿನಲ್ಲಿ ಬರುವ ಗಿರಾಕಿಗೆ ನಿಲ್ಲಿಸಲು ಜಾಗ ಸಿಗಬೇಕು. ಆ ಜಾಗವನ್ನು ಪರರು ಕಬಳಿಸಬಾರದು. ಅದಕ್ಕಾಗಿ ಪ್ರತಿಯೊಬ್ಬ ಅಂಗಡಿಯವನೂ ತನ್ನ ಅಂಗಡಿಯ ಮುಂದೆ ತನ್ನದೇ ಕಾರನ್ನು ನಿಲ್ಲಿಸಿ ಜಾಗ ಕಾಯುತ್ತಾನೆ. ಗಿರಾಕಿ ಬಂದರೆ? ಅವನಿಗೆ ಜಾಗ ಇಲ್ಲ, ಕಾರು ನಿಂತಿದೆಯಲ್ಲ! ಅವನು ಎರಡು ಸುತ್ತು ಹಾಕಿ ಹೊರಟುಹೋಗುತ್ತಾನೆ. ನೋಡಿದಿರಾ, ನಿಲ್ಲಿಸಲು ಜಾಗವಿಲ್ಲದೆ ವ್ಯಾಪಾರ ಹೇಗೆ ಕೆಡುತ್ತಿದೆ ಎಂದು ಅಂಗಡಿಯವರು ಹಣೆ ಚಚ್ಚಿಕೊಳ್ಳುತ್ತಾರೆ. ಇದನ್ನು ಯಾರೂ ತಮಾಷೆಗೆ ಮಾಡುವುದಿಲ್ಲ. ಶ್ರದ್ಧೆಯಿಂದ ಮಾಡುತ್ತಾರೆ.

ನಮ್ಮ ಕಚೇರಿಯವರೂ ಕಡಿಮೆಯಲ್ಲ. ಅವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಂದು ಕಾರು ಎಣಿಸಿಕೊಂಡು ಹೋದರು. ಯಾವಾಗ ಬಂದರೂ ಬೀದಿ ಭರ್ತಿ. ಈ ಬೀದಿಯಲ್ಲಿ ಕಾರು ನಿಲ್ಲಿಸಲು ಭಾರೀ ಬೇಡಿಕೆ ಇದೆ ಎಂದು ಬರೆದರು. ಮೂರು ಹೊತ್ತೂ ನಿಂತಿದ್ದು ಅವೇ ಕಾರುಗಳು ಎಂಬುದು ಯಾರಿಗೂ ಹೊಳೆಯಲಿಲ್ಲ. ಎಣಿಸುವವರು ಎಣಿಸುತ್ತಾರೆ, ಯಾರದು ಎಂದು ಕೇಳುವುದಿಲ್ಲ.

ಅಪ್ಪನ ಕಾರಂತೂ ಬೀದಿಗೇ ಹೆಸರುವಾಸಿ. ಅಪ್ಪ ವಾರಕ್ಕೊಮ್ಮೆ ಒಳಗೆ ಕೂತು ಇಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಗುರುಗುಟ್ಟಿಸಿ, ಆರಿಸಿ, ಒರೆಸಿ, ಇಳಿದು ಬರುತ್ತಾನೆ. ಜಪ್ಪಯ್ಯ ಅಂದರೂ ಅದನ್ನು ಅಲ್ಲಿಂದ ಕದಲಿಸುವುದಿಲ್ಲ. ನೆಂಟರ ಮನೆಗೆ ಹೋಗುವಾಗ ನಾವು ಬಸ್ಸಿನಲ್ಲಿ ಹೋಗುತ್ತಿದ್ದೆವು. ನನಗೆ ಜ್ವರ ಬಂದಾಗ ಆಸ್ಪತ್ರೆಗೆ ಹೋದದ್ದು ಪಕ್ಕದ ಮನೆಯವರ ಸ್ಕೂಟರಿನಲ್ಲಿ. ಕಾರು ತೆಗೆದರೆ ಜಾಗ ಹೋಗುತ್ತೆ ಎನ್ನುವುದು ಅಪ್ಪನ ಒಂದೇ ಮಾತು.

ಇದರಿಂದ ನಿಜವಾಗಿ ಪೆಟ್ಟು ಬಿದ್ದದ್ದು ಅಮ್ಮನಿಗೆ. ಹಳಿಗಳ ಆಚೆಯ ದೊಡ್ಡಾಸ್ಪತ್ರೆಯಲ್ಲಿ ಅಮ್ಮ ಹೊಲಿಗೆ ಕೋಣೆ ನೋಡಿಕೊಳ್ಳುತ್ತಾಳೆ. ಹರಿದ ಹಾಸಿಗೆ ಬಟ್ಟೆ, ಆಪರೇಷನ್ ಮಾಡುವವರ ನಿಲುವಂಗಿ, ಮಕ್ಕಳ ವಾರ್ಡಿನ ಪರದೆ, ಎಲ್ಲಕ್ಕೂ ಅವಳ ಕೈ. ಅಂಗಡಿಯಲ್ಲಿ ಅವಳು ಬೀಗದವರ ಹೆಂಡತಿ. ಅಲ್ಲಿ ಅವಳು ಹೊಲಿಗೆಯಮ್ಮ. ಸರ್ಜನ್ನುಗಳು ಕೂಡ ಬಾಗಿಲು ತಟ್ಟಿ ಒಳಗೆ ಬರುತ್ತಾರೆ. ಆ ಕೋಣೆಯಲ್ಲಿ ಅಮ್ಮ ನಗುವ ನಗು ಮನೆಯಲ್ಲಿ ನಾನು ಕೇಳಿಲ್ಲ.

ಹೊಸದಾಗಿ ಬಂದ ಮೇಲ್ವಿಚಾರಕಿ ಕೆಲಸದ ಹೊತ್ತನ್ನು ಬೆಳಗಿನ ಜಾವಕ್ಕೆ ಎಳೆದಳು. ಮೊದಲ ಆಪರೇಷನ್ನಿಗೆ ಬಟ್ಟೆ ಸಿದ್ಧವಿರಬೇಕಂತೆ. ಆ ಹೊತ್ತಿಗೆ ಬಸ್ಸು ಇಲ್ಲ. ಅಮ್ಮ ಸೇತುವೆ ಹತ್ತಿ ಇಳಿದು ನಡೆದೇ ಹೋಗುತ್ತಾಳೆ, ಮಂಡಿ ಹಿಡಿದುಕೊಂಡ ದಿನ ತಡವಾಗುತ್ತದೆ. ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲ್ವಿಚಾರಕಿ ಹೇಳಿಬಿಟ್ಟಿದ್ದಳು. ಸೈಕಲ್ ಹತ್ತಿದರೆ ಮಂಡಿಗೆ ತೊಂದರೆಯಿಲ್ಲ, ಅಮ್ಮ ಚೆನ್ನಾಗಿಯೇ ತುಳಿಯುತ್ತಾಳೆ. ಆಸ್ಪತ್ರೆಯ ಗೇಟಿನಲ್ಲಿ ನಿಲ್ದಾಣವೂ ಇದೆ. ಆದರೆ ಬಾಡಿಗೆ ಸೈಕಲ್ಲನ್ನು ಒಂದು ನಿಲ್ದಾಣದಿಂದ ತೆಗೆದು ಇನ್ನೊಂದರಲ್ಲಿ ಬಿಡಬೇಕು. ಪೂರ್ವದಲ್ಲಿ ತೆಗೆಯುವುದೆಲ್ಲಿ, ಬಿಡುವುದೆಲ್ಲಿ?

ಸ್ವಂತ ಸೈಕಲ್ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಕೊಂಡಿದ್ದೆವು. ಮನೆ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಕೆಳಗೆ ಬಾಗಿಲಲ್ಲಿ ನಿಲ್ಲಿಸಬೇಕು. ಅಪ್ಪ ತನ್ನ ಅಂಗಡಿಯ ಅತಿ ಗಟ್ಟಿ ಬೀಗವನ್ನೇ ಹಾಕಿದ್ದ. ಕಳ್ಳರು ಸೈಕಲ್ಲನ್ನು ಬೀಗ ಸಮೇತ ಎತ್ತಿಕೊಂಡು ಹೋದರು. ಇಡೀ ಬೀದಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಸೈಕಲ್ ಎಂದರೆ ಅಪ್ಪನಿಗೆ ಪಿತ್ತ ನೆತ್ತಿಗೇರುತ್ತದೆ.

ನಿರ್ದೇಶಕರು ತಿರುವಿನ ಜಾಗಕ್ಕೆ ಸಹಿ ಹಾಕಿದರು. ನಾನು ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ಚೌಕ ಎಳೆಸಿ, ಈ ಜಾಗ ಖಾಲಿ ಮಾಡಿ ಎಂಬ ಫಲಕ ನಿಲ್ಲಿಸಿದೆ. ಅಪ್ಪನ ಕಾರು ನಟ್ಟನಡುವೆ ನಿಂತಿದ್ದರಿಂದ ಬಣ್ಣ ಬಳಿಯುವವರು ಅದರ ಸುತ್ತ ಬಳಿದರು. ಅಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿದ. ನಾನೂ ಕೈಕಟ್ಟಿ ನಿಂತೆ.

ಆಮೇಲೆ ಜನರ ಅಭಿಪ್ರಾಯ ಕೇಳುವ ಸಭೆ. ಬ್ಯಾಂಕಿನ ಮೇಲಿನ ಮಹಡಿಯಲ್ಲಿ, ವರ್ತಕರ ಸಂಘದ ಕೋಣೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬೀದಿಯ ಅಂಗಡಿಯವರೆಲ್ಲ ಸೇರಿದ್ದರು. ಎಲ್ಲರ ಪರವಾಗಿ ಎದ್ದು ನಿಂತವನು ಅಪ್ಪ.

"ನಮ್ಮ ಗಿರಾಕಿಗಳು ಕಾರಲ್ಲಿ ಬರೋರು. ನಿಲ್ಲಿಸೋಕೆ ಜಾಗ ಇಲ್ಲ ಅಂದ್ರೆ ಬೇರೆ ಕಡೆ ಹೋಗ್ತಾರೆ. ಸೈಕಲ್ಲಲ್ಲಿ ಬಂದು ಯಾರ್ರೀ ಬೀಗ ತಗೋತಾರೆ?"

"ಸೈಕಲ್ ಇರೋರೇ ಅಲ್ವಾ ಬೀಗ ತಗೊಳ್ಳೋದು?" ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಪ್ಪ ತಿರುಗಿ ನೋಡಿದ, ನಗು ನಿಂತಿತು.

"ಇವರ ಮಾತಿಗೆ ಬೆಲೆ ಕೊಡಬೇಡಿ ಸಾರ್," ಎಂದು ಅಪ್ಪ ನನ್ನ ಕಡೆ ಬೆರಳು ತೋರಿಸಿ ನಿರ್ದೇಶಕರಿಗೆ ಹೇಳಿದ. ಮಗಳನ್ನು 'ಇವರು' ಮಾಡಿದ್ದ.

"ಸರಿ ಸರಿ," ಎಂದರು ನಿರ್ದೇಶಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಕಿಟಕಿಯ ಬಳಿ ಹೋದೆ. ಅಲ್ಲಿಂದ ಇಡೀ ಬೀದಿ ಕಾಣುತ್ತದೆ. "ಒಂದು ಕೆಲಸ ಮಾಡೋಣ. ಕೆಳಗೆ ನಿಂತಿರೋ ಕಾರುಗಳ ಕೀಲಿ ಯಾರ್ಯಾರ ಜೇಬಲ್ಲಿದೆಯೋ ಅವರು ಕೈ ಎತ್ತಿ" ಎಂದೆ.

ಒಂದು ಕೈಯೂ ಮೇಲೇಳಲಿಲ್ಲ.

"ಆಯ್ತು, ನಾನೇ ಕೇಳ್ತೀನಿ. ಆ ಬಿಳಿ ಕಾರು ಯಾವ ಗಿರಾಕೀದು, ಕನ್ನಡಕದ ಮಾವ?"

ಕನ್ನಡಕದ ಮಾವ ಎಂದರೆ ಅಪ್ಪನ ಪಕ್ಕದಲ್ಲಿ ಕನ್ನಡಕ ಮಾರುವ ಅಂಗಡಿಯವರು. ಚಿಕ್ಕಂದಿನಿಂದ ನನ್ನನ್ನು ಎತ್ತಿ ಆಡಿಸಿದವರು. ಅವರು ತಲೆ ಎತ್ತಿ ಫ್ಯಾನು ನೋಡತೊಡಗಿದರು.

"ಆ ಕೆಂಪು ಕಾರು? ಕುರ್ಚಿ ಅಂಗಡಿ ಅಣ್ಣ, ಅದು ಗಿರಾಕೀದಾದ್ರೆ ಅವನು ಪಾಪ ಯಾವಾಗಿಂದ ಕುರ್ಚಿ ಆರಿಸ್ತಾ ಇದ್ದಾನೆ? ಹಿಂದಿನ ಗಾಜಿನ ಮೇಲೆ ಹಕ್ಕಿ ಗೂಡು ಕಟ್ಟೋದೊಂದು ಬಾಕಿ." ಈ ಸಲ ಕೋಣೆಯ ಅರ್ಧ ಜನ ನಕ್ಕರು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಆ ಬೂದು ಕಾರು? ಅದು ಯಾವ ಗಿರಾಕೀದು, ಅಪ್ಪ?"

ಅಪ್ಪನ ಮುಖ ಕಪ್ಪಿಟ್ಟಿತು. ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. ಆಗ ಕನ್ನಡಕದ ಮಾವ ಫ್ಯಾನು ನೋಡುವುದು ಬಿಟ್ಟು ಎದ್ದರು.

"ನಾನೊಂದು ಮಾತು ಕೇಳ್ತೀನಿ ಸಾರ್. ಈ ನಿಲ್ದಾಣ ಯಾರಿಗೆ? ಇವಳ ಅಮ್ಮ ಆಸ್ಪತ್ರೆಗೆ ಹೋಗೋಕೆ ಸೈಕಲ್ ಬೇಕು. ಅದಕ್ಕೆ ಸರ್ಕಾರದ ಕೆಲಸದಲ್ಲಿ ಕೂತು ಮನೆ ಬಾಗಿಲಿಗೆ ತರಿಸ್ಕೋತಿದ್ದಾಳೆ. ಇದು ನ್ಯಾಯಾನಾ?"

ನಿರ್ದೇಶಕರು ನನ್ನತ್ತ ನೋಡಿದರು. ಇಲ್ಲ ಎಂದು ಹೇಳಬಹುದಿತ್ತು. ಬಿಸಿಲು, ಮುಚ್ಚಳ, ದೀಪ ಎಂದೆಲ್ಲ ಲೆಕ್ಕ ಒಪ್ಪಿಸಬಹುದಿತ್ತು. ಆದರೆ ಯಾಕೆ ಇಲ್ಲ ಎನ್ನಬೇಕು?

"ಹೌದು, ಅಮ್ಮನಿಗೂ ಬೇಕು," ಎಂದೆ. "ಅವಳು ಈ ಊರಿನವಳಲ್ವಾ? ನಿಮ್ಮ ಕಾರಿಗೆ ರಸ್ತೆ ಮೇಲೆ ಇರೋ ಹಕ್ಕು ಅವಳಿಗಿಲ್ವಾ? ಬೆಳಗಿನ ಜಾವ ಸೇತುವೆ ಮೇಲೆ ಹೋಗಿ ನೋಡಿ ಮಾವ. ನಿಮ್ಮ ಅಂಗಡಿ ಗುಡಿಸೋಳು ಆ ಕಡೆಯಿಂದ ನಡ್ಕೊಂಡು ಬರ್ತಾಳೆ, ನಮ್ಮಮ್ಮ ಈ ಕಡೆಯಿಂದ ನಡ್ಕೊಂಡು ಹೋಗ್ತಾಳೆ. ಅಮ್ಮನಿಗೆ ಅನುಕೂಲ ಆಗುತ್ತೆ ಅಂತ ಒಳ್ಳೆ ಜಾಗ ಬಿಡೋಕೆ ನಾನು ತಯಾರಿಲ್ಲ."

ಗದ್ದಲವೆದ್ದಿತು. ನಿರ್ದೇಶಕರು ಎರಡೂ ಕೈ ಎತ್ತಿ ಎಲ್ಲರಿಗೂ ಸರಿ ಸರಿ ಎಂದು ಸಭೆ ಮುಗಿಸಿದರು. ಮೆಟ್ಟಿಲಿಳಿಯುವಾಗ ನನ್ನನ್ನು ಬದಿಗೆ ಕರೆದರು.

"ನೋಡಮ್ಮ, ಸೇತುವೆ ಕೆಳಗೆ ಗೋದಾಮಿನ ಹಿಂದೆ ಜಾಗ ಇದೆಯಲ್ಲ. ಅಲ್ಲಿ ಇಟ್ಟುಬಿಡೋಣ. ಅಲ್ಲಿ ಯಾರೂ ತಕರಾರು ಮಾಡಲ್ಲ."

"ಅಲ್ಲಿ ತಕರಾರು ಯಾರು ಮಾಡ್ಬೇಕು ಸರ್, ಇಲಿಗಳಾ? ಅಲ್ಲಿ ಹಗಲಲ್ಲೇ ಒಂದು ನರಪಿಳ್ಳೆ ಇರಲ್ಲ. ಯಾವ ಹೆಂಗಸು ಹೋಗ್ತಾಳೆ? ಬಳಕೆ ಇಲ್ಲ ಅಂತ ನೀವೇ ವರ್ಷದ ಕೊನೆಗೆ ಕಿತ್ತು ಹಾಕ್ತೀರಿ."

"ಕೂಗಾಡಬೇಡ. ಎಲ್ಲರನ್ನೂ ಎದುರು ಹಾಕ್ಕೊಂಡು ಆಗುತ್ತಾ?"

"ಹಾಗಾದ್ರೆ ಜಾಗ ಬದಲಾಯಿಸಿ ಅಂತ ಬರೆದು ಕೊಡಿ ಸರ್."

"ಬರೆಯೋದೇನು. ಸರಿ ಸರಿ, ನೋಡೋಣ," ಎಂದು ಅವರು ಕಾರು ಹತ್ತಿದರು. ಬರೆದು ಕೊಡುವ ಜಾತಿ ಅಲ್ಲ ಅದು. ಹಾಗಾಗಿ ನನ್ನ ಕೈಯಲ್ಲಿದ್ದದ್ದು ತಿರುವಿನ ಜಾಗಕ್ಕೆ ಅವರೇ ಹಾಕಿದ್ದ ಸಹಿ. ಅದು ರದ್ದಾಗಿರಲಿಲ್ಲ.

ಆ ಸಂಜೆ ಅಪ್ಪನ ಮನೆಗೆ ಹೋದೆ. ಹೋಗದೆ ಇದ್ದರೆ ಹೆದರಿಕೊಂಡಳು ಎಂದುಕೊಳ್ಳುತ್ತಾನೆ. ಅಪ್ಪ ಗೋಡೆಗೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ. ಅಮ್ಮ ಕಿಟಕಿಯ ಬೆಳಕಿನಲ್ಲಿ ಅವನದೇ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು.

"ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದಳು ನಿನ್ನ ಮಗಳು," ಎಂದ ಅಪ್ಪ.

"ಕೆಲಸ ಸಿಕ್ಕಿದ ದಿನ ನಿಮ್ಮ ಮಗಳು, ಇವತ್ತು ನನ್ನ ಮಗಳು," ಎಂದಳು ಅಮ್ಮ, ತಲೆಯೆತ್ತದೆ.

"ನಿನಗೋಸ್ಕರ ನಿಲ್ದಾಣ ಅಂತೆ. ಬೀದಿಯೆಲ್ಲ ಆಡ್ಕೊಂಡು ನಗ್ತಿದೆ. ಅಷ್ಟು ಕಷ್ಟ ಇದ್ರೆ ಆ ಕೆಲಸ ಬಿಟ್ಟುಬಿಡು. ಅಂಗಡೀಲಿ ಕೂತ್ಕೋ, ಗಲ್ಲಾ ನೋಡ್ಕೋ."

"ಕೆಲಸ ಬಿಡಲ್ಲ," ಎಂದಳು ಅಮ್ಮ. ದನಿ ಏರಿಸಲಿಲ್ಲ. "ಇನ್ನೊಂದು ಸಲ ತಡ ಆದ್ರೆ ಅವರೇ ಬಿಡಿಸ್ತಾರೆ, ಆ ಮಾತು ಬೇರೆ. ನಾಳೆ ಬೆಳಿಗ್ಗೆ ಒಂದು ದಿನ ಕಾರಲ್ಲಿ ಬಿಟ್ಟು ಬರ್ತೀರಾ? ಮಂಡಿ ಮೇಲೆ ಭಾರ ಹಾಕೋಕೇ ಆಗ್ತಿಲ್ಲ."

ಅಪ್ಪ ಲೋಟ ಕೆಳಗಿಟ್ಟ. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಒಂದು ಸಲ ಆಗಲಿ ಎನ್ನುತ್ತಾನೆ ಎಂದುಕೊಂಡೆ.

"ಜಾಗ ಹೋಗುತ್ತೆ," ಎಂದ.

ಅಮ್ಮ ದಾರವನ್ನು ಹಲ್ಲಿನಿಂದ ಕತ್ತರಿಸಿ, ಅಂಗಿಯನ್ನು ಮಡಿಚಿ ಅವನ ಪಕ್ಕದಲ್ಲಿಟ್ಟಳು. ನಾನು ಅಲ್ಲೇ ನಿಂತು, ಅಪ್ಪನಿಗೆ ಕೇಳುವಂತೆ, ನಿಲ್ದಾಣ ಜೋಡಿಸುವ ತಂಡದ ಮೇಸ್ತ್ರಿಗೆ ಫೋನ್ ಮಾಡಿದೆ. ನಾಳೆ ಬೆಳಕು ಹರಿಯುವ ಹೊತ್ತಿಗೆ ಲಾರಿ ತನ್ನಿ, ಕಾರೆತ್ತುವ ಗಾಡಿಯನ್ನೂ ಕರೆತನ್ನಿ ಎಂದೆ.

"ತರಲಿ," ಎಂದ ಅಪ್ಪ. "ನಾನೂ ಇರ್ತೀನಿ."

ಹೇಳಿದಂತೆಯೇ ಇದ್ದ. ನಾನು ಬರುವಷ್ಟರಲ್ಲಿ ಅಪ್ಪ ಕಾರಿನೊಳಗೆ, ಡ್ರೈವರ್ ಸೀಟಿನಲ್ಲಿ, ಗಾಜು ಏರಿಸಿಕೊಂಡು, ಅಮ್ಮ ಗುಂಡಿ ಹಚ್ಚಿದ ಅದೇ ಅಂಗಿ ತೊಟ್ಟು ಕೂತಿದ್ದ. ಪಕ್ಕದಲ್ಲಿ ಚಹಾದ ಫ್ಲಾಸ್ಕ್, ಮಡಿಲಲ್ಲಿ ಪತ್ರಿಕೆ. ಸಂಜೆಯವರೆಗೆ ಏಳುವ ಲಕ್ಷಣ ಇರಲಿಲ್ಲ. ಲಾರಿ ಬಂದು ನಿಂತಿತ್ತು. ಅದರಲ್ಲಿ ಉದ್ದನೆಯ ಕಬ್ಬಿಣದ ಹಲಗೆಗಳು, ಕಂಬಗಳು, ಹೊಸ ಸೈಕಲ್ಲುಗಳು. ನೆಲ ಅಗೆಯಬೇಕಿಲ್ಲ, ಹಲಗೆಗಳನ್ನು ಇಳಿಸಿ ಜೋಡಿಸಿದರೆ ತಮ್ಮ ಭಾರಕ್ಕೆ ತಾವೇ ನಿಲ್ಲುತ್ತವೆ. ಜಾಗ ಖಾಲಿ ಇದ್ದರೆ ಮಾತ್ರ.

"ಮೇಡಂ, ಒಳಗೆ ಮನುಷ್ಯ ಕೂತಿದ್ರೆ ನಾವು ಗಾಡಿ ಎತ್ತೋ ಹಾಗಿಲ್ಲ," ಎಂದ ಮೇಸ್ತ್ರಿ. "ಯಾರವರು, ಅಷ್ಟು ಹಟ?"

"ನಮ್ಮಪ್ಪ," ಎಂದೆ.

ಮೇಸ್ತ್ರಿ ನನ್ನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ, "ಹೌದೌದು, ಕಾಣುತ್ತೆ" ಎಂದ.

ಅಂಗಡಿಗಳ ಮೇಲಿನ ಕಿಟಕಿಗಳು ಒಂದೊಂದಾಗಿ ತೆರೆದವು. ಕನ್ನಡಕದ ಮಾವ ಹಲ್ಲುಜ್ಜುತ್ತಲೇ ಕೆಳಗಿಳಿದು ಬಂದು, ಅಪ್ಪನಿಗೆ ಗಾಜಿನ ಹೊರಗಿನಿಂದ ಭೇಷ್ ಎಂಬಂತೆ ಕೈ ತೋರಿಸಿದರು. ನಾನು ಗಾಜು ತಟ್ಟಿದೆ. ಅಪ್ಪ ಪತ್ರಿಕೆಯ ಪುಟ ತಿರುಗಿಸಿದ.

ಆಗ ಅಮ್ಮ ಮೆಟ್ಟಿಲಿಳಿದು ಬಂದಳು. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು. ಹೆಗಲಿಗೆ ಚೀಲ, ಕೊರಳಲ್ಲಿ ಆಸ್ಪತ್ರೆಯ ಗುರುತಿನ ಕಾರ್ಡು. ನಡೆದು ಹೋಗಲು ಹೊರಡಬೇಕಾದ ಹೊತ್ತು ಆಗಲೇ ಮೀರಿತ್ತು. ಇನ್ನು ಹೇಗೆ ನಡೆದರೂ ತಡವೇ. ಅದು ಅವಳಿಗೂ ಗೊತ್ತಿತ್ತು. ನಾನು ಒಂದು ಸೈಕಲ್ ಇಳಿಸಿ ಕೊಡೋಣವೆಂದು ಲಾರಿಯತ್ತ ಓಡಿದೆ. ಕಂಬಗಳಿಗೆ ಜೋಡಿಸದ ಹೊರತು ಅವುಗಳ ಚಕ್ರದ ಬೀಗ ಬಿಡಿಸಲು ಬರುವುದಿಲ್ಲ ಎಂದ ಮೇಸ್ತ್ರಿ. ಅಮ್ಮ ನಮ್ಮ ಕಡೆ ನೋಡಲೂ ಇಲ್ಲ. ನೇರ ಕಾರಿನ ಬಳಿ ಹೋಗಿ, ಮುಂದಿನ ಬಾಗಿಲು ತೆಗೆದು, ಫ್ಲಾಸ್ಕ್ ಎತ್ತಿ ಹಿಂದಿಟ್ಟು, ಅಪ್ಪನ ಪಕ್ಕ ಕೂತಳು. ಬಾಗಿಲನ್ನು ಹಾಕಿಕೊಳ್ಳಲಿಲ್ಲ. ಹಾಗಾಗಿ ಬೀದಿಗೆಲ್ಲ ಕೇಳಿಸಿತು.

"ನಡೀರಿ, ಆಸ್ಪತ್ರೆಗೆ."

"ಏನಿದು ನಾಟಕ? ಇಳಿಯೇ."

"ಇಳಿಯಲ್ಲ. ಇವತ್ತು ತಡ ಆದ್ರೆ ನನ್ನ ಕೆಲಸ ಹೋಯ್ತು. ಹೋಗಲಿ. ಇಲ್ಲೇ ನಿಮ್ಮ ಪಕ್ಕ ಕೂತಿರ್ತೀನಿ. ಯಾಕೆ ಹೋಯ್ತು ಅಂತ ಎಲ್ಲರೂ ನೋಡ್ಲಿ."

"ನಿನ್ನ ಮಗಳು ನಿಂತಿದ್ದಾಳೆ ಅಲ್ಲಿ ಕಾಯ್ಕೊಂಡು. ನಾನು ತಿರುವು ದಾಟೋದೇ ತಡ..." ಅಪ್ಪನ ದನಿ ಇಳಿಯಿತು. "ಜಾಗ ಹೋಗುತ್ತೆ ಕಣೇ."

"ಹೋಗಲಿ," ಎಂದಳು ಅಮ್ಮ. ಅಮ್ಮ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಇಷ್ಟು ವರ್ಷ ನಾನು ಹೋದೆನಲ್ಲ, ಮಳೆ ಬಿಸಿಲು ಅನ್ನದೆ! ಒಂದು ದಿನ, ಒಂದೇ ಒಂದು ದಿನ, ಅಯ್ಯೋ ಇವಳು ಹೋಗ್ತಾಳಲ್ಲ ಅಂತ ಎದ್ದು ಬಂದ್ರಾ? ಜಾಗ ಹೋಗುತ್ತೆ ಅಂತ ಹೆದರ್ತೀರಲ್ಲ, ನಾನು ಹೋದ್ರೆ ಹೆದರಿಕೆ ಇಲ್ವಾ ನಿಮಗೆ?"

ಕನ್ನಡಕದ ಮಾವ ಬಾಯಿಂದ ಬ್ರಶ್ ತೆಗೆದರು. ಅಪ್ಪ ಸ್ಟಿಯರಿಂಗನ್ನೇ ನೋಡುತ್ತ ಕೂತಿದ್ದ. ಎಷ್ಟೋ ಹೊತ್ತಾದ ಮೇಲೆ ಪತ್ರಿಕೆ ಮಡಿಚಿದ. ಗಾಜು ಇಳಿಸಿ ನನ್ನನ್ನು ಕರೆದ. ಅವನ ಕಣ್ಣಲ್ಲಿ ಬೇಡಿಕೊಳ್ಳುವ ನೋಟ ಇತ್ತು. ನಾನು ಅದನ್ನು ಹಿಂದೆಂದೂ ನೋಡಿರಲಿಲ್ಲ.

"ನಾನು ವಾಪಸ್ ಬರೋವರೆಗೆ ಏನೂ ಮುಟ್ಟಬೇಡ. ಮಗಳೇ, ಅಷ್ಟು ಮಾಡು."

ಸುಳ್ಳು ಹೇಳಿ ಕಳಿಸಬಹುದಿತ್ತು. ಆ ಕೆಲಸ ನನ್ನಿಂದಾಗಲಿಲ್ಲ. "ಮುಟ್ತೀನಿ ಅಪ್ಪ. ನೀನು ಹೋದ ತಕ್ಷಣ ಇಳಿಸ್ತೀನಿ. ಗೊತ್ತಿದ್ದೇ ಹೋಗು" ಎಂದೆ.

ಅವನು ನನ್ನನ್ನು ನೋಡಿದ, ಅಮ್ಮನನ್ನು ನೋಡಿದ. ಅಮ್ಮ ಬಾಗಿಲು ಎಳೆದುಕೊಂಡಳು. ಕಾರು ಎರಡು ಸಲ ಕೆಮ್ಮಿ, ಅಷ್ಟಗಲ ಜಾಗ ಬಿಟ್ಟು, ತಿರುವು ದಾಟಿ ಹೋಯಿತು. ಅದು ನಿಂತಿದ್ದ ಕಡೆ ರಸ್ತೆ ಬೇರೆಯದೇ ಬಣ್ಣದಲ್ಲಿತ್ತು.

ಅಪ್ಪ ಹೆದರುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ. ಜಾಗ ಹೋಗಲು ಕ್ಷಣವೂ ಬೇಕಾಗಲಿಲ್ಲ. ಈಗಷ್ಟೇ ಅಪ್ಪನಿಗೆ ಭೇಷ್ ಎಂದಿದ್ದ ಕನ್ನಡಕದ ಮಾವ ಪಕ್ಕದ ಓಣಿಗೆ ಓಡಿ, ತಮ್ಮ ಸಾಮಾನಿನ ವ್ಯಾನು ಹತ್ತಿ, ಹಿಂದಕ್ಕೆ ಹಿಂದಕ್ಕೆ ಒತ್ತುತ್ತ ಆ ಜಾಗಕ್ಕೇ ಬಂದರು! ಅಪ್ಪನ ಹೆಸರಿನಲ್ಲಿ ಕಾಯುತ್ತಿದ್ದರೋ, ತಮಗೇ ಬೇಕಿತ್ತೋ, ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ಹೋಗಿ ಚೌಕದ ನಡುವೆ ನಿಂತು ಎರಡೂ ಕೈ ಚಾಚಿದೆ.

ವ್ಯಾನಿನ ಹಿಂಭಾಗ ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಬಂತು. ಹಾರ್ನ್ ಬಾರಿಸಿದರು.

"ಸರಿಯೇ ಆ ಕಡೆ! ಹುಚ್ಚು ಹಿಡಿದಿದೆಯಾ?"

"ಹಿಡಿದಿದೆ ಮಾವ. ಬನ್ನಿ, ಹತ್ತಿಸಿ. ಎತ್ತಿ ಆಡಿಸಿದ ಕೈಯಲ್ಲೇ ಹತ್ತಿಸಿ."

ಚಾಚಿದ ಕೈ ಇಳಿಸಲಿಲ್ಲ. ಮೇಸ್ತ್ರಿ ಬಂದು ನನ್ನ ಪಕ್ಕ ನಿಂತ. ಅಷ್ಟರಲ್ಲಿ ಸೇತುವೆ ಕಡೆಯಿಂದ ಪೊರಕೆ ಹಿಡಿದು ಬಂದ, ಮಾವನ ಅಂಗಡಿಯನ್ನೇ ಗುಡಿಸುವ ಹೆಂಗಸು, ಏನು ಎತ್ತ ಎಂದೂ ಕೇಳದೆ ನನ್ನ ಇನ್ನೊಂದು ಪಕ್ಕ ಬಂದು ನಿಂತಳು. ವ್ಯಾನು ಮುಂದಕ್ಕೆ ಹೋಯಿತು. "ಇಳಿಸಿ," ಎಂದೆ ಮೇಸ್ತ್ರಿಗೆ.

ಹಲಗೆಗಳು ಒಂದರ ಪಕ್ಕ ಒಂದು ಕೂತವು. ಕಂಬ ನಿಂತಿತು, ಸೋಲಾರ್ ಹಲಗೆಯ ಮೇಲೆ ಬಿಸಿಲು ಬಿತ್ತು. ನಡುವೆ ನಿರ್ದೇಶಕರ ಫೋನ್ ಬಂತು. ಯಾರನ್ನು ಕೇಳಿ ಇಳಿಸಿದೆ ಎಂದು ಕಿರುಚಿದರು. ನಿಮ್ಮ ಸಹಿ ಇದೆ ಸರ್, ಬೇಡ ಎಂದಿದ್ದು ಎಲ್ಲೂ ಇಲ್ಲ, ಕಿತ್ತು ಹಾಕಲು ಬರೆದು ಕಳಿಸಿ, ಅದನ್ನು ಇಲ್ಲೇ ಫಲಕದ ಮೇಲೆ ಅಂಟಿಸುತ್ತೇನೆ ಎಂದೆ. ಅವರು ಸರಿ ಸರಿ ಎಂದು ಫೋನ್ ಇಟ್ಟರು. ಆಮೇಲೆ ನನ್ನ ಮೇಲೆ ಏನು ಕ್ರಮ ಬರುತ್ತದೋ ಬರಲಿ, ನೋಡಿಕೊಳ್ಳೋಣ. ಹೊತ್ತಿಗೆ ಮುಂಚೆಯೇ ತಲುಪಿದೆ, ಮಧ್ಯಾಹ್ನ ಸೈಕಲ್ಲಲ್ಲೇ ಬರುತ್ತೇನೆ, ಬಿಡಲು ಜಾಗ ಇಟ್ಟಿರು ಎಂದು ಅಮ್ಮ ಆಸ್ಪತ್ರೆಯಿಂದ ಹೇಳಿ ಕಳಿಸಿದಳು.

ಅಪ್ಪನ ಕಾರು ಒಮ್ಮೆ ಬೀದಿಗೆ ಬಂತು. ನಿಲ್ದಾಣದ ಮುಂದೆ ನಿಧಾನಿಸಿತು. ಮುಂದೆ ಹೋಗಿ, ಇನ್ನೊಂದು ಸುತ್ತು ಬಂತು. ಬಿಳಿ ಕಾರು, ಕೆಂಪು ಕಾರು, ವ್ಯಾನು, ಒಬ್ಬ ಗೆಳೆಯನೂ ಅಪ್ಪನಿಗಾಗಿ ತನ್ನ ಗಾಡಿ ಸರಿಸಲಿಲ್ಲ. ಕಾರು ಸೇತುವೆಯ ಕಡೆ ಹೊರಟುಹೋಯಿತು. ಅಂಗಡಿಯ ಬಾಗಿಲು ಮುಚ್ಚಿಯೇ ಇತ್ತು. ಎಂದೂ ಹಾಗಾದದ್ದಿಲ್ಲ. ನನಗೆ ಒಳಗೊಳಗೇ ದಿಗಿಲಾಯಿತು, ಆದರೆ ಫೋನ್ ಮಾಡಲಿಲ್ಲ.

ಬಿಸಿಲೇರಿದ ಮೇಲೆ ಅಪ್ಪ ಬಂದ. ನಡೆದುಕೊಂಡು. ಅಂಗಿ ಬೆನ್ನಿಗೆ ಅಂಟಿತ್ತು, ಮುಖ ಕೆಂಪಗೆ ಕಾದಿತ್ತು, ಹೆಜ್ಜೆ ಎತ್ತಿಡಲಾರದೆ ಎಳೆಯುತ್ತಿದ್ದ. ಕಾರಿಗೆ ಆಸ್ಪತ್ರೆಯ ಆವರಣ ಬಿಟ್ಟು ಇನ್ನೆಲ್ಲೂ ಜಾಗ ಸಿಕ್ಕಿರಲಿಲ್ಲ. ಅಲ್ಲಿ ಬಿಟ್ಟು, ಸೇತುವೆ ಹತ್ತಿ ಇಳಿದು ಬಂದಿದ್ದ. ನಿಲ್ದಾಣದ ಕಡೆ ನೋಡಲಿಲ್ಲ. ಬೀಗ ತೆಗೆಯುವ ಗೋಜಿಗೂ ಹೋಗದೆ ಅಂಗಡಿಯ ಕಟ್ಟೆಯ ಮೇಲೆ ಧೊಪ್ಪೆಂದು ಕೂತ.

ನಾನು ನೀರಿನ ಬಾಟಲಿ ಕೊಟ್ಟೆ. ಪೂರ್ತಿ ಕುಡಿದ. ಬೈಯುತ್ತಾನೆ ಎಂದು ಕಾದೆ, ತಿರುಗಿ ಬೈಯಲು ತಯಾರಾಗಿಯೇ ನಿಂತಿದ್ದೆ. ಅವನು ಸೇತುವೆಯ ಕಡೆ ನೋಡುತ್ತ ಬಹಳ ಹೊತ್ತು ಏದುಸಿರು ಬಿಟ್ಟ.

"ಎಷ್ಟು ದೂರ ಇದೆ ಅದು," ಎಂದ.

ನನಗೆ ಅಳು ಒತ್ತರಿಸಿ ಬಂತು. ಆದರೂ ಸಮಾಧಾನ ಹೇಳಲಿಲ್ಲ, ಹೇಳಲು ಮನಸ್ಸೂ ಇರಲಿಲ್ಲ.

"ಹೌದಪ್ಪ," ಎಂದೆ. "ದಿನಾ."